ಬಿಸಿನೀರಿನಿಂದ ಬೆಚ್ಚಗಾಗುವ ಮನೆಗಳು: ಹೊರಡುವ ಮುನ್ನ ತಿಳಿದಿರಿ

ಮಗಳ ಬಾಣಂತನಕ್ಕೆಂದು ಲಂಡನ್ನಿಗೆ, ಮೊಮ್ಮಗನನ್ನು ನೋಡಿಕೊಳ್ಳಲೆಂದು ಮ್ಯೂನಿಕ್‌ಗೆ, ಮಗನ ಒತ್ತಾಯಕ್ಕೆ ನಾಲ್ಕು ತಿಂಗಳು ಇದ್ದು ಬರಲೆಂದು ಡಬ್ಲಿನ್‌ಗೆ ಹೋಗಿ ಬರುವ ಹಿರಿಯರು ಈಗ ನಮ್ಮ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಹೊರಡುವ ಮುನ್ನ ಸ್ವೆಟರು, ಮಂಕಿ ಟೋಪಿ, ಸಾರಿನ ಪುಡಿ, ಚಟ್ನಿಪುಡಿ, ತಿಂಗಳುಗಟ್ಟಲೆಗೆ ಆಗುವಷ್ಟು ಮಾತ್ರೆ ಎಲ್ಲವನ್ನೂ ಮರೆಯದೆ ಕಟ್ಟಿಕೊಳ್ಳುತ್ತಾರೆ. ಆದರೆ ದಿನದ ಇಪ್ಪತ್ತು ಗಂಟೆ ಅವರು ಕಳೆಯಬೇಕಾದ ಆ ಮನೆ ಹೇಗೆ ಬೆಚ್ಚಗಾಗುತ್ತದೆ, ಅದರಿಂದ ಮೈಗೆ ಏನಾಗುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೊರಟ ಮೇಲೆ ಆ ಮನೆಯಲ್ಲಿ ಇರುವವರು ನೀವು. ಗೋಡೆಯ ಮೇಲಿನ ಗುಂಡಿ, ಕಿಟಕಿಯ ಕೆಳಗಿನ ಬಿಳಿಯ ಕಬ್ಬಿಣದ ಹಲಗೆ, ಅಡುಗೆಮನೆಯ ಕಪಾಟಿನೊಳಗೆ ಗುರ್ ಎನ್ನುವ ಪೆಟ್ಟಿಗೆ ಇವುಗಳ ಪರಿಚಯ ನಿಮಗಿರಲೇಬೇಕು.

ಹಂಡೆಯನ್ನು ನೆನೆಸಿಕೊಳ್ಳಿ

ಇದನ್ನು ತಿಳಿಯಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ನೆನೆಸಿಕೊಂಡರೆ ಸಾಕು. ಒಲೆಗೆ ಉರಿ ಹಾಕಿದಾಗ ತಳದಲ್ಲಿ ಕಾದ ನೀರು ಹಗುರವಾಗಿ ಮೇಲೇರುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಈಗ ಹಂಡೆಯ ಮೇಲ್ಭಾಗದಿಂದ ಒಂದು ಕೊಳವೆ ಹೊರಡಿಸಿ, ಮನೆಯ ಕೋಣೆ ಕೋಣೆಯನ್ನೂ ಸುತ್ತಿಸಿ, ತಣ್ಣಗಾದ ನೀರನ್ನು ತಿರುಗಿ ಹಂಡೆಯ ತಳಕ್ಕೇ ತಂದು ಸೇರಿಸಿದಿರಿ ಎನ್ನಿ. ಬೆಂಕಿ ಒಂದೇ ಕಡೆ, ಶಾಖ ಎಲ್ಲ ಕಡೆ. ಹಿಂದಿನ ಕಾಲದ ಏರ್ಪಾಡುಗಳಲ್ಲಿ ನೀರು ಹೀಗೆ ಪಂಪಿಲ್ಲದೆ ತಾನೇ ತಿರುಗುತ್ತಿತ್ತು. ನಮ್ಮ ತಾರಸಿಯ ಮೇಲಿನ ಸೋಲಾರ್ ಹೀಟರುಗಳಲ್ಲಿ ನೀರು ತಿರುಗುವುದೂ ಸಾಮಾನ್ಯವಾಗಿ ಇದೇ ನಿಯಮದಿಂದ. ಈಗಿನ ಮನೆಗಳಲ್ಲಿ ಸಣ್ಣದೊಂದು ವಿದ್ಯುತ್ ಪಂಪು ನೀರನ್ನು ತಳ್ಳುತ್ತದೆ. ಅಷ್ಟೇ ವ್ಯತ್ಯಾಸ.

ನೀರೇ ಏಕೆ? ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರಿಗೆ ಸಮ ಬೇರೆ ಅಗ್ಗದ ವಸ್ತುವಿಲ್ಲ. ಒಂದು ಲೀಟರ್ ನೀರು ಹೊರುವ ಶಾಖವನ್ನು ಹೊರಲು ಮೂರು ಸಾವಿರ ಲೀಟರಿಗೂ ಮಿಕ್ಕಿ ಗಾಳಿ ಬೇಕು. ಆದ್ದರಿಂದಲೇ ಬೆರಳು ದಪ್ಪದ ಕೊಳವೆಯೊಂದು ಇಡೀ ಕೋಣೆಯನ್ನು ಬೆಚ್ಚಗಿಡಬಲ್ಲದು.

ಕಿಟಕಿಯ ಕೆಳಗಿನ ಆ ಬಿಳಿಯ ಹಲಗೆಯೇ ರೇಡಿಯೇಟರ್. ಕಿಟಕಿಯ ಗಾಜಿನಿಂದ ಇಳಿಯುವ ತಣ್ಣನೆಯ ಗಾಳಿಯನ್ನು ಅಲ್ಲೇ ಎದುರಿಸಲಿ ಎಂದು ಅದನ್ನು ಅಲ್ಲಿ ಇಟ್ಟಿರುತ್ತಾರೆ. ಅದರ ಮುಂದೆ ಸೋಫಾ ಎಳೆದರೆ, ಉದ್ದನೆಯ ಪರದೆ ಇಳಿಬಿಟ್ಟರೆ, ಶಾಖವೆಲ್ಲ ಹಿಂದೆಯೇ ಉಳಿದು ಕೋಣೆ ತಣ್ಣಗಿರುತ್ತದೆ. ಅದರ ಪಕ್ಕದ ತಿರುಪಿನ ಮೇಲೆ 1ರಿಂದ 5ರವರೆಗೆ ಅಂಕಿಗಳಿರುತ್ತವೆ. ಇದು ನಮ್ಮ ಫ್ಯಾನಿನ ರೆಗ್ಯುಲೇಟರಿನಂತೆ ವೇಗ ಹೆಚ್ಚಿಸುವ ಗುಂಡಿಯಲ್ಲ. ಕೋಣೆ ಎಷ್ಟು ಬೆಚ್ಚಗಾದ ಮೇಲೆ ನೀರು ನಿಲ್ಲಬೇಕು ಎಂದು ಹೇಳುವ ಗುಂಡಿ. 3 ಎಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್. ಬೇಗ ಬಿಸಿಯಾಗಲಿ ಎಂದು 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಕೊನೆಗೆ ಅತಿ ಬಿಸಿಯಾಗುತ್ತದೆ.

ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಾಗಿದ್ದರೆ ಒಳಗೆ ಗಾಳಿ ಸಿಕ್ಕಿದೆ ಎಂದರ್ಥ. ಚಿಕ್ಕ ಕೀಲಿಯಿಂದ ಅದನ್ನು ಬಿಡಿಸುತ್ತಾರೆ. ಕೆಳಭಾಗ ತಣ್ಣಗಿದ್ದರೆ ಕೆಸರು ಕೂತಿದೆ. ಎರಡನ್ನೂ ನೀವು ಮಾಡಲು ಹೋಗಬೇಡಿ, ಸಂಜೆ ಮಗನಿಗೆ ಹೇಳಿ. ಒಳಗಿನ ನೀರು ಕೈ ಸುಡುವಷ್ಟು ಬಿಸಿಯಿರುತ್ತದೆ, ಬಣ್ಣವೂ ಮಸಿಯಂತಿರುತ್ತದೆ.

ಎಲ್ಲ ಮನೆಯೂ ಒಂದೇ ಥರ ಅಲ್ಲ

ಬ್ರಿಟನ್ನಿನ ಹೆಚ್ಚಿನ ಮನೆಗಳಲ್ಲಿ ಗ್ಯಾಸ್ ಉರಿಸುವ ಬಾಯ್ಲರ್ ಮನೆಯೊಳಗೇ ಇರುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಂಥ ಊರುಗಳಲ್ಲಿ ಮನೆಯೊಳಗೆ ಬೆಂಕಿಯೇ ಇಲ್ಲ. ಊರಿಗೆಲ್ಲ ಸೇರಿ ಒಂದೆರಡು ಕಡೆ ನೀರು ಕಾಯಿಸಿ, ನಮ್ಮ ಕುಡಿಯುವ ನೀರಿನ ಪೈಪಿನಂತೆ ರಸ್ತೆಯಡಿ ಕೊಳವೆಗಳಲ್ಲಿ ಮನೆಮನೆಗೆ ಕಳುಹಿಸುತ್ತಾರೆ. ಐಸ್‌ಲ್ಯಾಂಡಿನ ಭಾಗ್ಯ ಇನ್ನೂ ದೊಡ್ಡದು. ಅಲ್ಲಿ ನೀರನ್ನು ಭೂಮಿಯೇ ಕಾಯಿಸಿ ಕೊಡುತ್ತದೆ. ರಾಜಧಾನಿ ರೇಕ್ಯವಿಕ್‌ನಲ್ಲಿ, ಹೆಂಗಸರು ಬಟ್ಟೆ ಒಗೆಯುತ್ತಿದ್ದ ಬಿಸಿನೀರಿನ ಬುಗ್ಗೆಗಳ ಜಾಗದಿಂದ 1930ರಲ್ಲಿ ಕೊಳವೆ ಎಳೆದು ಕಟ್ಟಡಗಳನ್ನು ಬೆಚ್ಚಗೆ ಮಾಡಿದರು. ಈಗ ಆ ದೇಶದ ಹತ್ತು ಮನೆಗಳಲ್ಲಿ ಒಂಬತ್ತು ಮನೆಗಳಿಗೆ ಭೂಮಿಯೊಳಗಿನ ಶಾಖವೇ ಆಧಾರ. ಹಿಂದೆ ಕಲ್ಲಿದ್ದಲ ಹೊಗೆ ಮುಸುಕುತ್ತಿದ್ದ ಊರು ಈಗ ತಿಳಿಯಾಗಿದೆ. ಎದೆರೋಗಿಗಳಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲವೆಂದೇ ಹೇಳಬೇಕು.

ಹೊಸ ಮನೆಗಳಲ್ಲಿ ಕೊಳವೆಗಳು ನೆಲದಡಿಯಲ್ಲಿರುತ್ತವೆ. ಹರಿಯುವ ನೀರು 35ರಿಂದ 45 ಡಿಗ್ರಿ ಇದ್ದರೆ ಸಾಕು. ನಾವು ಕೂರುವ, ನಡೆಯುವ ಜಾಗದಲ್ಲಿ ನೆಲದ ಮೈ 29 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದು ಲೆಕ್ಕ. ನೆಲದ ಮೇಲೆ ಕೂತು ಅಭ್ಯಾಸವಿರುವ ನಮ್ಮವರಿಗೆ ಇದು ಬಹಳ ಹಿತ. ಮಂಡಿನೋವಿನವರು ಇದರ ಗುಣ ಹಾಡಿ ಹೊಗಳುತ್ತಾರೆ!

ಇನ್ನೊಂದು ಬಗೆಯದು ಹೀಟ್ ಪಂಪ್. ನಮ್ಮ ಫ್ರಿಜ್ಜು ಒಳಗಿನ ಶಾಖವನ್ನು ಹೊರಗೆ ಹಾಕುತ್ತದೆಯಲ್ಲ, ಇದು ಮನೆಯ ಹೊರಗಿನ ಚಳಿಗಾಳಿಯಿಂದಲೇ ಶಾಖ ಹೀರಿ ಒಳಗಿನ ನೀರಿಗೆ ಕೊಡುತ್ತದೆ. ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಶಾಖ ಸಿಗುತ್ತದೆ. ಆದರೆ ಇದರ ನೀರು ಸಾಮಾನ್ಯವಾಗಿ ಕುದಿಬಿಸಿ ಇರುವುದಿಲ್ಲ. ರೇಡಿಯೇಟರ್ ಮುಟ್ಟಿ ನೋಡಿ ‘ಇದೇನು ಬರೀ ಉಗುರುಬೆಚ್ಚಗಿದೆ, ಕೆಟ್ಟಿರಬೇಕು’ ಎಂದು ಗಾಬರಿಯಾಗಬೇಡಿ. ಅದು ನಿಧಾನವಾಗಿ ದಿನವಿಡೀ ನಡೆಯುವ ಯಂತ್ರ. ನೋಡಬೇಕಾದದ್ದು ರೇಡಿಯೇಟರಿನ ಬಿಸಿಯನ್ನಲ್ಲ, ಕೋಣೆಯ ಬಿಸಿಯನ್ನು.

‘ಸುಮ್ಮನೆ ಬಿಲ್ಲು ಯಾಕೆ?’

ನಮ್ಮ ಹಿರಿಯರ ಒಂದು ಗುಣ ಇಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ. ಮಕ್ಕಳು ಕೆಲಸಕ್ಕೆ ಹೋದ ಕೂಡಲೇ ‘ನಾವಿಬ್ಬರೇ ತಾನೆ, ಶಾಲು ಹೊದ್ದು ಕೂತರಾಯಿತು, ಮಗನಿಗೆ ಸುಮ್ಮನೆ ಬಿಲ್ಲು ಯಾಕೆ’ ಎಂದು ಹೀಟಿಂಗ್ ಆರಿಸಿಬಿಡುತ್ತಾರೆ. 2022ರಲ್ಲಿ ಯೂರೋಪಿನಲ್ಲಿ ಗ್ಯಾಸಿನ ಬೆಲೆ ವಿಪರೀತ ಏರಿದ ಮೇಲಂತೂ ಮಕ್ಕಳ ಬಾಯಲ್ಲಿ ಬಿಲ್ಲಿನ ಮಾತು ಕೇಳಿ ಇವರ ಮಿತವ್ಯಯ ಇನ್ನಷ್ಟು ಹೆಚ್ಚಿದೆ.

ಚಳಿ ಬರೀ ಸೆಕೆಯ ವಿರುದ್ಧ ಪದವಲ್ಲ. ತಣ್ಣನೆಯ ಕೋಣೆಯಲ್ಲಿ ಮೈಯ ಶಾಖ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಕುಗ್ಗಿದ ನಾಳಗಳೊಳಗೆ ರಕ್ತ ತಳ್ಳಲು ಹೃದಯ ಹೆಚ್ಚು ದುಡಿಯಬೇಕು. ರಕ್ತದೊತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ಚಳಿಗಾಲದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗುವುದು ಇದರಿಂದಲೇ. ಊರಿನಲ್ಲಿ ಹತೋಟಿಯಲ್ಲಿದ್ದ ಬಿ.ಪಿ. ಅಲ್ಲಿಗೆ ಹೋದ ಮೇಲೆ ಏಕೆ ಏರಿತು ಎಂದು ಕೇಳುವವರು ಮೊದಲು ಕೋಣೆಯ ಉಷ್ಣತೆ ನೋಡಿಕೊಳ್ಳಲಿ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರತಂದ ವಸತಿ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ಹೇಳಿದೆ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕಾಗಬಹುದು. ಬೆಂಗಳೂರಿನ ಹವೆಯಲ್ಲೇ ಅರವತ್ತು ವರ್ಷ ಕಳೆದ ಮೈಗೆ ನನ್ನ ಮಟ್ಟಿಗೆ 20–21 ಡಿಗ್ರಿ ಸರಿ. ವಯಸ್ಸಾದವರಿಗೆ ಚಳಿಯಾಗುತ್ತಿರುವುದು ತಿಳಿಯುವುದೂ ತಡ ಎಂಬುದನ್ನು ಮರೆಯಬೇಡಿ. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ನಡಿಗೆ ತಡವರಿಸುತ್ತದೆ, ಮಂಕು ಕವಿಯುತ್ತದೆ. ‘ಅಪ್ಪ ಯಾಕೋ ಸಪ್ಪಗಿದ್ದಾರೆ, ಊರು ನೆನಪಾಗಿರಬೇಕು’ ಎಂದು ಮನೆಯವರು ತಪ್ಪು ತಿಳಿಯುವುದುಂಟು. ಮುಟ್ಟಿದರೆ ಹೊಟ್ಟೆಯ ಚರ್ಮವೂ ತಣ್ಣಗಿದ್ದರೆ ತಡಮಾಡದೆ ವೈದ್ಯರ ನೆರವು ಪಡೆಯಬೇಕು. ಅಲ್ಲಿಯವರೆಗೆ ಕಂಬಳಿ ಹೊದಿಸಿ, ಎಚ್ಚರವಿದ್ದರೆ ಬೆಚ್ಚಗಿನ ಪಾನೀಯ ಕೊಡಿ. ಕೈಕಾಲು ಗಟ್ಟಿಯಾಗಿ ತಿಕ್ಕಬೇಡಿ, ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಡಿ. ಬ್ರಾಂದಿ ಬೇಡವೇ ಬೇಡ.

ಈ ವಿಷಯ ಮಕ್ಕಳೊಂದಿಗೆ ಬಾಯಿ ಬಿಟ್ಟು ಮಾತನಾಡಿ. ‘ಹಗಲು ಎಷ್ಟಕ್ಕೆ ಇಡಲಿ?’ ಎಂದು ಕೇಳುವುದರಲ್ಲಿ ಸಂಕೋಚವೇನು? ಬಳಸದ ಕೋಣೆಗಳ ರೇಡಿಯೇಟರ್ ತಗ್ಗಿಸಿ, ನೀವು ಕೂರುವ ಒಂದು ಕೋಣೆಯನ್ನು ಸರಿಯಾಗಿ ಬೆಚ್ಚಗಿಟ್ಟರೆ ಬಿಲ್ಲೂ ಹಿಡಿತದಲ್ಲಿರುತ್ತದೆ.

ಬಾಣಂತಿ ಕೋಣೆ

ಇದು ತಾಯಂದಿರು ಗಮನವಿಟ್ಟು ಓದಬೇಕಾದ ಭಾಗ. ನಮ್ಮ ಬಾಣಂತನದ ಕ್ರಮವೆಲ್ಲ ಹುಟ್ಟಿರುವುದು ಗಾಳಿಯಾಡುವ ಹೆಂಚಿನ ಮನೆಗಳಲ್ಲಿ. ಅಲ್ಲಿ ಮಗುವಿಗೆ ಕುಲಾವಿ ಹಾಕಿ, ಎರಡು ಪದರ ಬಟ್ಟೆ ಸುತ್ತಿ, ಮೇಲೊಂದು ದುಪ್ಪಟಿ ಹೊದಿಸಿ ಬೆಚ್ಚಗಿಡುತ್ತಿದ್ದುದಕ್ಕೆ ಅರ್ಥವಿತ್ತು. ರಾತ್ರಿಯೆಲ್ಲ ರೇಡಿಯೇಟರ್ ಉರಿಯುವ, ಕಿಟಕಿಗೆ ಜೋಡಿ ಗಾಜು ಹಾಕಿದ ಕೋಣೆಯಲ್ಲಿ ಅದನ್ನೇ ಮಾಡಿದರೆ ಮಗುವಿಗೆ ಸೆಕೆ ಹೊಡೆಯುತ್ತದೆ.

ಸೆಕೆಯಾದರೆ ಏನಾಯಿತು, ಬೆವರುತ್ತದೆ ಅಷ್ಟೇ ಎನ್ನಬೇಡಿ. ಆರೋಗ್ಯವಾಗಿದ್ದ ಎಳೆಗೂಸು ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಸಾಯುವ ದುರಂತವೊಂದಿದೆ. ಅದರ ಪೂರ್ಣ ಕಾರಣ ವೈದ್ಯವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ. ಆದರೆ ಬೋರಲು ಮಲಗಿಸುವುದು, ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ, ಅತಿಯಾದ ಶಾಖ ಇವು ಅಪಾಯವನ್ನು ಹೆಚ್ಚಿಸುತ್ತವೆ ಎಂಬುದು ಖಚಿತ. ಬ್ರಿಟನ್ನಿನಲ್ಲಿ 1991ರಲ್ಲಿ ‘ಮಗುವನ್ನು ಅಂಗಾತ ಮಲಗಿಸಿ’ ಎಂಬ ಪ್ರಚಾರ ಆರಂಭವಾದ ಮೇಲೆ ಇಂಥ ಸಾವುಗಳು ಗಣನೀಯವಾಗಿ ಇಳಿದವು. ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿ ಇರಲಿ ಎಂಬುದು ಅಲ್ಲಿನ ಸಲಹೆ. ನಿಮಗೆ ಇದು ಚಳಿ ಅನ್ನಿಸಬಹುದು. ಚಳಿಯಾದರೆ ನೀವು ಶಾಲು ಹೊದೆಯಿರಿ, ಕೋಣೆಯನ್ನು ಕಾಯಿಸಬೇಡಿ.

ಎಳೆಮಕ್ಕಳು ಹೆಚ್ಚಿನ ಶಾಖವನ್ನು ಹೊರಹಾಕುವುದು ತಲೆಯಿಂದ. ಆದ್ದರಿಂದ ಮನೆಯೊಳಗೆ ನಿದ್ದೆ ಮಾಡುವಾಗ ಕುಲಾವಿ ಬೇಡ. ಹೊರಗೆ ಕರೆದೊಯ್ಯುವಾಗ ಹಾಕಿ, ಒಳಗೆ ಬಂದ ಕೂಡಲೇ ಮಗು ಮಲಗಿದ್ದರೂ ತೆಗೆಯಿರಿ. ತೊಟ್ಟಿಲನ್ನು ರೇಡಿಯೇಟರಿನ ಪಕ್ಕ ಇಡಬೇಡಿ. ಮಗುವಿಗೆ ಚಳಿಯೇ ಸೆಕೆಯೇ ಎಂದು ತಿಳಿಯಲು ಅದರ ಕೈಕಾಲು ಮುಟ್ಟಿ ನೋಡುವುದು ನಮ್ಮ ರೂಢಿ. ಎಳೆಮಕ್ಕಳ ಕೈಕಾಲು ತಣ್ಣಗಿರುವುದು ಸಹಜ. ಎದೆಯನ್ನೋ ಕುತ್ತಿಗೆಯ ಹಿಂಭಾಗವನ್ನೋ ಮುಟ್ಟಿ ನೋಡಿ. ಅಲ್ಲಿ ಬಿಸಿಯಾಗಿದ್ದರೆ, ಬೆವರಿದ್ದರೆ, ಒಂದು ಪದರ ಬಟ್ಟೆ ತೆಗೆಯಿರಿ.

ಇನ್ನು ಅಗ್ಗಿಷ್ಟಿಕೆ, ಲೋಬಾನದ ಹೊಗೆ. ಬಾಣಂತಿಯ ಮಂಚದಡಿ ಕೆಂಡ ಇಡುವುದು, ಎರೆದ ಮೇಲೆ ಮಗುವಿಗೆ ಹೊಗೆ ಹಿಡಿಯುವುದು ನಮ್ಮಲ್ಲೂ ಒಳ್ಳೆಯದಲ್ಲ. ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಹಿತವಲ್ಲ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ ಚಳಿದೇಶದ ಮನೆಯಲ್ಲಂತೂ ಕೆಂಡ ಪ್ರಾಣಾಂತಕ. ಏಕೆಂದು ಮುಂದೆ ನೋಡೋಣ.

ಎರೆಯುವ ನೀರಿನ ಬಗ್ಗೆಯೂ ಒಂದು ಮಾತು. ಅಲ್ಲಿ ಬಿಸಿನೀರಿನ ತೊಟ್ಟಿಯಿರುವ ಮನೆಗಳಲ್ಲಿ ನೀರನ್ನು 60 ಡಿಗ್ರಿಯಷ್ಟು ಬಿಸಿಯಾಗಿ ಇಡುತ್ತಾರೆ. ಅದಕ್ಕೆ ಕಾರಣವಿದೆ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲ ಎಂಬ ರೋಗಾಣು ಬೆಳೆದು, ಷವರಿನ ಹನಿಗಳ ಮೂಲಕ ಶ್ವಾಸಕೋಶ ಸೇರಿ ನ್ಯುಮೋನಿಯಾ ತರಬಲ್ಲದು. ಆದರೆ 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೂ ಐದಾರು ಸೆಕೆಂಡಿನಲ್ಲಿ ಸುಡುತ್ತದೆ. ಮಕ್ಕಳ ತೆಳು ಚರ್ಮಕ್ಕೆ ಅಷ್ಟೂ ಬೇಡ. ನಲ್ಲಿಯ ಬಿಸಿನೀರು ಹಂಡೆಯ ನೀರಲ್ಲ, ತಿರುಗಿಸುತ್ತ ಹೋದಂತೆ ಏರುತ್ತದೆ. ಮೊದಲು ತಣ್ಣೀರು ಬಿಟ್ಟು, ಆಮೇಲೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿ. ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನಿಸಿದರೆ ಅದು ಸುಮಾರು 37 ಡಿಗ್ರಿ, ಮಗುವಿಗೆ ಸರಿ. ನಮ್ಮ ಅಜ್ಜಿಯರು ಎರೆಯುತ್ತಿದ್ದ ಮೈ ಕೆಂಪಾಗುವ ನೀರು ಬೇಡ. ಆಕಸ್ಮಾತ್ ಸುಟ್ಟರೆ ಬಟ್ಟೆ ತೆಗೆದು, ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟು, ಅರಿಶಿನ, ಬೆಣ್ಣೆ, ಮಂಜುಗಡ್ಡೆ ಯಾವುದನ್ನೂ ಹಚ್ಚಬೇಡಿ. ಮಗುವಾದರೆ ಗಾಯ ಚಿಕ್ಕದಿದ್ದರೂ ವೈದ್ಯರಿಗೆ ತೋರಿಸಿ.

ಕಾಣದ, ನಾರದ ವಿಷ

ಗ್ಯಾಸು, ಕಲ್ಲಿದ್ದಲು, ಸೌದೆ ಯಾವುದೇ ಇರಲಿ, ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗಿಗೆ ಉರಿಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮೈಗೆ ಮಾತ್ರ ಆಮ್ಲಜನಕ ಇಲ್ಲ.

ಬಿಸಿನೀರಿನಿಂದ ಮನೆ ಕಾಯಿಸುವ ಪದ್ಧತಿಯ ದೊಡ್ಡ ಉಪಕಾರ ಇರುವುದು ಇಲ್ಲೇ. ಇದಕ್ಕೆ ಕೊರಿಯಾ ದೇಶದ ಕಥೆಯೇ ಸಾಕ್ಷಿ. ಕೊರಿಯದವರು ಶತಮಾನಗಳಿಂದ ನೆಲದ ಮೇಲೆ ಕೂತು, ನೆಲದ ಮೇಲೆ ಮಲಗುವ ಜನ, ನಮ್ಮ ಹಾಗೆ. ಅಡುಗೆ ಒಲೆಯ ಹೊಗೆಯನ್ನು ನೆಲದ ಕಲ್ಲುಚಪ್ಪಡಿಗಳ ಅಡಿಯಲ್ಲಿ ಹಾಯಿಸಿ ಆಚೆ ಬದಿಯಲ್ಲಿ ಹೊರಬಿಡುತ್ತಿದ್ದರು. ಇದಕ್ಕೆ ಒಂಡೋಲ್ ಎಂದು ಹೆಸರು. ಯುದ್ಧದ ನಂತರ, ಊರುಗಳು ಬೆಳೆದಾಗ, ಸೌದೆಯ ಬದಲು ತೂತುತೂತಿನ ಕಲ್ಲಿದ್ದಲ ಬಿಲ್ಲೆಗಳು ಬಂದವು. ಅಗ್ಗ, ರಾತ್ರಿಯೆಲ್ಲ ನಿಧಾನವಾಗಿ ಉರಿಯುತ್ತಿತ್ತು. ಆದರೆ ನೆಲದಲ್ಲಿ ಕೂದಲೆಳೆಯ ಬಿರುಕಿದ್ದರೂ ಅನಿಲ ಮಲಗಿದವರ ಮೂಗಿನ ಬಳಿಯೇ ಏಳುತ್ತಿತ್ತು. 1960, 70ರ ದಶಕಗಳಲ್ಲಿ ಚಳಿಗಾಲ ಬಂತೆಂದರೆ ಇಡೀ ಕುಟುಂಬಗಳೇ ಬೆಳಿಗ್ಗೆ ಏಳದ ಸುದ್ದಿ ಬರುತ್ತಿತ್ತು. ಅರೆಪ್ರಜ್ಞೆಯಲ್ಲಿದ್ದವರಿಗೆ ಮೂಲಂಗಿ ಉಪ್ಪಿನಕಾಯಿಯ ತಣ್ಣನೆಯ ನೀರು ಕುಡಿಸುವುದು ಆಗಿನ ಮನೆಮದ್ದು. ಪಾಪ, ಅದರಿಂದ ಏನೂ ಪ್ರಯೋಜನವಿರಲಿಲ್ಲ. ಬರಬರುತ್ತ ಅವರು ನೆಲದಡಿಯ ಹೊಗೆಯ ದಾರಿಯನ್ನು ತೆಗೆದು, ಬಿಸಿನೀರಿನ ಕೊಳವೆ ಹೂತು, ಬೆಂಕಿಯನ್ನು ಮಲಗುವ ಕೋಣೆಯಿಂದ ದೂರ ಇಟ್ಟರು. ನೆಲ ಬೆಚ್ಚಗೇ ಉಳಿಯಿತು, ಹೊಗೆ ಹೋಯಿತು.

ಆದರೂ ಬಾಯ್ಲರ್ ಎಂದರೆ ಬೆಂಕಿಯೇ. ಅದರ ಹೊಗೆಕೊಳವೆ ಕಟ್ಟಿಕೊಂಡರೆ, ಸರಿಯಾಗಿ ನೋಡಿಕೊಳ್ಳದಿದ್ದರೆ ವಿಷ ಮನೆಗೆ ತುಂಬಬಹುದು. ಬ್ರಿಟನ್ನಿನಲ್ಲಿ ಮನೆ ಬಾಡಿಗೆಗೆ ಕೊಟ್ಟವರು ವರ್ಷಕ್ಕೊಮ್ಮೆ ಗ್ಯಾಸ್ ಉಪಕರಣಗಳನ್ನು ನೋಂದಾಯಿತ ತಂತ್ರಜ್ಞರಿಂದ ಪರೀಕ್ಷಿಸಿಸಬೇಕೆಂಬ ನಿಯಮವಿದೆ. ಬಾಯ್ಲರ್ ಇರುವ ಕೋಣೆಯಲ್ಲಿ ಈ ಅನಿಲದ ಅಲಾರಂ ಇರಲೇಬೇಕೆಂದು ಇಂಗ್ಲೆಂಡಿನ ಬಾಡಿಗೆ ಮನೆಗಳಿಗೆ 2022ರ ಅಕ್ಟೋಬರಿನಿಂದ ಕಡ್ಡಾಯ ಮಾಡಿದ್ದಾರೆ. ಹೋದ ದಿನವೇ ಮಗನನ್ನು ಎರಡು ಪ್ರಶ್ನೆ ಕೇಳಿ: ‘ಈ ವರ್ಷ ಬಾಯ್ಲರ್ ತೋರಿಸಿದ್ದೀಯಾ? ಅಲಾರಂ ಎಲ್ಲಿದೆ?’ ಒಗ್ಗರಣೆ ಹೊಗೆಗೆ ಕಿರುಚುವ ಅಲಾರಂ ಬೇರೆ, ಇದು ಬೇರೆ. ಕಿರಿಕಿರಿಯೆಂದು ಎರಡರ ಬ್ಯಾಟರಿಯನ್ನೂ ತೆಗೆದಿಡುವ ಬುದ್ಧಿವಂತರು ನಮ್ಮಲ್ಲಿದ್ದಾರೆ!

ಲಕ್ಷಣಗಳೇನು? ತಲೆನೋವು, ತಲೆಸುತ್ತು, ಓಕರಿಕೆ, ಸುಸ್ತು. ಫ್ಲೂ ಜ್ವರದಂತೆಯೇ ಕಾಣುತ್ತದೆ, ಆದರೆ ಜ್ವರ ಇರುವುದಿಲ್ಲ. ಮನೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಹೋದಾಗ ಕಡಿಮೆಯಾಗಿ ಮನೆಗೆ ಬಂದಾಗ ಮರುಕಳಿಸಿದರೆ ಸಂಶಯಪಡಿ. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಈ ವಿಷಯದಲ್ಲಿ ನಂಬಬೇಡಿ. ಹಿಮೋಗ್ಲೋಬಿನ್ ಹಿಡಿದಿರುವುದು ಆಮ್ಲಜನಕವೋ ಈ ವಿಷವೋ ಎಂಬ ಭೇದ ಅದಕ್ಕೆ ತಿಳಿಯದು. ಸಾಯುತ್ತಿರುವವರಿಗೂ 98 ಎಂದು ತೋರಿಸಬಲ್ಲದು. ಸಂಶಯ ಬಂದ ಕೂಡಲೇ ಕಿಟಕಿ ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದು, ಸಹಾಯಕ್ಕೆ ಫೋನ್ ಮಾಡಿ. ಬ್ರಿಟನ್ನಿನಲ್ಲಿ 999, ಯೂರೋಪಿನಲ್ಲಿ 112, ಅಮೆರಿಕದಲ್ಲಿ 911. ಅಂಕಿಯನ್ನು ಫೋನಿನ ಪಕ್ಕ ಕನ್ನಡದಲ್ಲಿ ಬರೆದು ಅಂಟಿಸಿಡಿ.

ಇದೇ ವಿಷ ನಮ್ಮೂರಿನ ಬಚ್ಚಲುಮನೆಯಲ್ಲೂ ಇದೆ. ಗಾಳಿಕಿಂಡಿ ಮುಚ್ಚಿದ ಪುಟ್ಟ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಹಾಕಿಸಿ, ಚಿಲಕ ಹಾಕಿಕೊಂಡು ಸ್ನಾನಕ್ಕೆ ನಿಂತವರು ಕುಸಿದು ಬಿದ್ದ ಸುದ್ದಿಗಳನ್ನು ಪ್ರತಿ ವರ್ಷ ಓದುತ್ತಿದ್ದೇವೆ. ಲಂಡನ್ನಿನ ಮಗನ ಬಾಯ್ಲರ್ ಬಗ್ಗೆ ವಿಚಾರಿಸುವ ಮೊದಲು ಇಲ್ಲಿ ನಿಮ್ಮ ಗೀಸರ್ ಬಚ್ಚಲಿನ ಹೊರಗಿದೆಯೇ, ಅದರ ಹೊಗೆ ಬಯಲಿಗೆ ಹೋಗುತ್ತಿದೆಯೇ ನೋಡಿ.

ಒಣಗಿದ ಮೂಗು, ಬೂಷ್ಟು ಹಿಡಿದ ಗೋಡೆ

ಹೋದ ವಾರದಲ್ಲೇ ತುಟಿ ಒಡೆಯುತ್ತದೆ, ಮೊಣಕಾಲ ಕೆಳಗೆ ಕೆರೆತ ಶುರುವಾಗುತ್ತದೆ, ಕೆಲವರಿಗೆ ಮೂಗಿನಲ್ಲಿ ರಕ್ತವೂ ಬರುತ್ತದೆ. ‘ಹೀಟರು ಗಾಳಿಯ ನೀರನ್ನೆಲ್ಲ ಹೀರುತ್ತೆ’ ಎನ್ನುತ್ತಾರೆ. ಅದು ಹೀರುವುದಿಲ್ಲ. ಚಳಿಗಾಳಿಗೆ ತೇವ ಹೊರುವ ಶಕ್ತಿಯೇ ಕಡಿಮೆ. ಸೊನ್ನೆ ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 5 ಗ್ರಾಂನಷ್ಟು ನೀರಾವಿ ಹಿಡಿಯುತ್ತದೆ. 20 ಡಿಗ್ರಿಯ ಗಾಳಿ 17 ಗ್ರಾಂ ಹಿಡಿಯಬಲ್ಲದು. ಹೊರಗಿನ ಗಾಳಿ ಒಳಗೆ ಬಂದು ಬಿಸಿಯಾದಾಗ ಅದರಲ್ಲಿರುವುದು ಅದೇ 5 ಗ್ರಾಂ, ಬಾಯಾರಿಕೆ ಮಾತ್ರ 17 ಗ್ರಾಂನದು. ಆ ಬಾಯಾರಿಕೆಯನ್ನು ಅದು ನಿಮ್ಮ ಚರ್ಮದಿಂದ, ಮೂಗಿನಿಂದ ತೀರಿಸಿಕೊಳ್ಳುತ್ತದೆ.

ಔಷಧಿ ನಿಮ್ಮ ಪೆಟ್ಟಿಗೆಯಲ್ಲೇ ಇದೆ. ಸ್ನಾನವಾದ ಕೂಡಲೇ, ಮೈ ಇನ್ನೂ ತೇವವಿರುವಾಗಲೇ, ಕೊಬ್ಬರಿ ಎಣ್ಣೆ ಹಚ್ಚಿ. ಅಲ್ಲಿ ಅದು ಸದಾ ಗಟ್ಟಿಯಾಗಿಯೇ ಇರುತ್ತದೆ, ಅಂಗೈಯ ಶಾಖಕ್ಕೆ ಕರಗುತ್ತದೆ. ಸ್ನಾನದ ನೀರು ಅತಿ ಬಿಸಿ ಬೇಡ, ಸೋಪು ಕಡಿಮೆ ಮಾಡಿ. ನೀರು ಕುಡಿಯುವುದನ್ನು ಮರೆಯಬೇಡಿ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಮೇಲೆ ಪದೇ ಪದೇ ಏಳಬೇಕಲ್ಲ ಎಂದು ಹಿರಿಯರು ನೀರನ್ನೇ ಬಿಡುತ್ತಾರೆ. ಮಲಬದ್ಧತೆ, ಉರಿಮೂತ್ರ ಎರಡೂ ಹಿಂಬಾಲಿಸುತ್ತವೆ.

ವಿಚಿತ್ರವೆಂದರೆ ಇದೇ ಮನೆಯ ಮೂಲೆಗಳಲ್ಲಿ ತೇವ ಹೆಚ್ಚಾಗಿ ಬೂಷ್ಟು ಬೆಳೆಯುತ್ತದೆ. ನಾವು ಅನ್ನ ಬೇಯಿಸಿದ ಹಬೆ, ಸ್ನಾನದ ಹಬೆ, ರೇಡಿಯೇಟರ್ ಮೇಲೆ ಒಣಹಾಕಿದ ಬಟ್ಟೆಯ ನೀರು ಇವೆಲ್ಲ ತಣ್ಣನೆಯ ಹೊರಗೋಡೆಯನ್ನು, ಕಿಟಕಿಯ ಗಾಜನ್ನು ಮುಟ್ಟಿದಾಗ ಹನಿಯಾಗುತ್ತವೆ. ಕೆಲವು ದಿನಗಳಲ್ಲಿ ಅಲ್ಲಿ ಕಪ್ಪು ಚುಕ್ಕೆಗಳೇಳುತ್ತವೆ. ಉಬ್ಬಸದವರಿಗೆ, ಚಿಕ್ಕ ಮಕ್ಕಳಿಗೆ ಇದು ಬಹಳ ಕೆಟ್ಟದ್ದು. ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ಸತ್ತಿತು. ಮನೆಯ ಬೂಷ್ಟೇ ಆ ಸಾವಿಗೆ ಕಾರಣವೆಂದು 2022ರಲ್ಲಿ ವಿಚಾರಣೆಯಲ್ಲಿ ಸಾಬೀತಾಯಿತು. ಆ ಮಗುವಿನ ಹೆಸರಿನಲ್ಲೇ ಅಲ್ಲಿ ಕಾನೂನು ಬಂದಿದೆ. ಅಡುಗೆ ಮಾಡುವಾಗ ಪಾತ್ರೆಗೆ ಮುಚ್ಚಳ ಮುಚ್ಚಿ, ಹೊಗೆ ಎಳೆಯುವ ಫ್ಯಾನ್ ಹಾಕಿ. ಸ್ನಾನವಾದ ಮೇಲೆ ಬಚ್ಚಲಿನ ಬಾಗಿಲು ಮುಚ್ಚಿ, ಅಲ್ಲಿನ ಕಿಟಕಿ ತೆರೆಯಿರಿ. ಬಟ್ಟೆ ಒಳಗೇ ಒಣಗಿಸಲೇಬೇಕಾದರೆ ಒಂದೇ ಕೋಣೆಯಲ್ಲಿ, ಬಾಗಿಲು ಹಾಕಿ, ಕಿಟಕಿ ಒಂದಿಷ್ಟು ತೆರೆದು ಒಣಗಿಸಿ. ಎಷ್ಟೇ ಚಳಿಯಿರಲಿ, ದಿನಕ್ಕೆರಡು ಬಾರಿ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯಿರಿ. ಗಾಳಿ ಬದಲಾಗುತ್ತದೆ, ಗೋಡೆಯ ಶಾಖ ಅಷ್ಟರಲ್ಲಿ ಹೋಗುವುದಿಲ್ಲ. ಜರ್ಮನಿಯವರು ಇದನ್ನು ಸಂಧ್ಯಾವಂದನೆಯಷ್ಟು ನಿಷ್ಠೆಯಿಂದ ಮಾಡುತ್ತಾರೆ. ಕಿಟಕಿಯ ಚೌಕಟ್ಟಿನ ಮೇಲಿನ ಸಣ್ಣ ಗಾಳಿಸೀಳನ್ನು ಚಳಿಯೆಂದು ಬಟ್ಟೆ ತುರುಕಿ ಮುಚ್ಚಬೇಡಿ.

ಸಕ್ಕರೆ ಕಾಯಿಲೆಯವರಿಗೆ

ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಪಾದದ ಸ್ಪರ್ಶಜ್ಞಾನ ಮಂದವಾಗಿರುತ್ತದೆ. ಕಾಲು ಜುಮುಗುಡುತ್ತದೆಂದು ರೇಡಿಯೇಟರಿಗೆ ಪಾದ ಒತ್ತಿ ಕೂತು, ಟೀವಿ ನೋಡುತ್ತ ನಿದ್ದೆ ಹೋದರೆ ಎದ್ದಾಗ ಬೊಬ್ಬೆಯೆದ್ದಿರುತ್ತದೆ. ಗೊತ್ತೇ ಆಗಿರುವುದಿಲ್ಲ. ಕೈಗೆ ಹಿತವೆನಿಸುವ 44 ಡಿಗ್ರಿ ಶಾಖವೂ ಒಂದೇ ಜಾಗಕ್ಕೆ ಆರು ಗಂಟೆ ತಾಗಿದರೆ ಚರ್ಮ ಸುಡುತ್ತದೆ. ಹಾಸಿಗೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟುಕೊಳ್ಳುವವರು ಮಲಗುವ ಮುನ್ನ ಹಾಸಿಗೆ ಬೆಚ್ಚಗೆ ಮಾಡಿ, ಮಲಗುವಾಗ ಅದನ್ನು ತೆಗೆದುಬಿಡಲಿ. ಬೆಚ್ಚಗಿನ ನೆಲದ ಮೇಲೆ ನೇರವಾಗಿ ದಪ್ಪ ಹಾಸಿಗೆ ಹಾಸಿ ಮಲಗಬೇಡಿ, ಅಡಿಯಲ್ಲಿ ಶಾಖ ಕೂಡಿಕೊಳ್ಳುತ್ತದೆ. ಹತ್ತಿಯ ಕಾಲುಚೀಲ ಹಾಕಿ, ರಾತ್ರಿ ಪಾದಗಳನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ.

ರೇಡಿಯೇಟರಿನ ಮೇಲಿನ ಕಿಟಕಿಕಟ್ಟೆ ಸಾಮಾನು ಇಡಲು ಬಹಳ ಅನುಕೂಲವಾಗಿ ಕಾಣುತ್ತದೆ. ಮಾತ್ರೆಗಳ ಡಬ್ಬಿಯನ್ನು, ಇನ್ಸುಲಿನ್ನನ್ನು ಅಲ್ಲಿ ಮಾತ್ರ ಇಡಬೇಡಿ. ಬಿಸಿಗೆ ಇನ್ಸುಲಿನ್ ಕೆಡುತ್ತದೆ, ಕೆಟ್ಟಿರುವುದು ನೋಡಿದರೆ ಗೊತ್ತಾಗುವುದಿಲ್ಲ, ಸಕ್ಕರೆ ಏರಿದ ಮೇಲೆಯೇ ತಿಳಿಯುವುದು.

ಪೆಟ್ಟಿಗೆಯಲ್ಲಿ ಜಾಗವಿದ್ದರೆ ಗೋಡೆಗೆ ತೂಗುಹಾಕುವ ಸಣ್ಣ ಉಷ್ಣಮಾಪಕವೊಂದನ್ನು ಒಯ್ಯಿರಿ. ಗುಂಡಿಯ ಮೇಲಿನ ಅಂಕಿ ಒಂದು ಹೇಳುತ್ತದೆ, ಕೋಣೆ ಇನ್ನೊಂದು ಹೇಳುತ್ತದೆ. ನೀವು ಕೂರುವ ಜಾಗದಲ್ಲಿ, ರೇಡಿಯೇಟರಿನಿಂದ ದೂರ, ಎದೆಯೆತ್ತರಕ್ಕೆ ಅದನ್ನು ತೂಗುಹಾಕಿ. ಮಗು ಮಲಗುವ ಕೋಣೆಗೆ ಇನ್ನೊಂದು ಬೇಕು.